ಹಳೇ ಲ್ಯಾಪ್‌ಟಾಪಲ್ಲಿ ಮನೆಗೊಂದು ಫೈಲ್ ಸರ್ವರ್ ಮಾಡ್ಕೊಳ್ಳೋದು ಹೇಗೆ

ಮನೇಲಿ ನಾಲ್ಕು ಜನ, ನಾಲ್ಕು ಫೋನು, ಎಲ್ಲದ್ರಲ್ಲೂ ಸ್ಟೋರೇಜ್ ಫುಲ್, ಹಬ್ಬದ ಫೋಟೋ ಬೇಕು ಅಂದ್ರೆ ವಾಟ್ಸಾಪಲ್ಲಿ ಕಳ್ಸಿ ಕಳ್ಸಿ ಕ್ವಾಲಿಟಿನೇ ಹೋಗಿರತ್ತೆ. ಎಲ್ಲರ ಫೈಲೂ ಒಂದೇ ಕಡೆ ಇಟ್ಟು ಮನೆಯ ಯಾವ ಫೋನು, ಟಿವಿಯಿಂದ್ಲೂ ನೋಡೋಕೆ ಬಿಡೋ ಕಂಪ್ಯೂಟರೇ ಫೈಲ್ ಸರ್ವರ್. ಇದಕ್ಕೆ ಹೊಸ ಡಬ್ಬ ಏನೂ ತರ್ಬೇಕಾಗಿಲ್ಲ, ಅಟ್ಟದ ಮೇಲೆ ಬಿದ್ದಿರೋ ಲ್ಯಾಪ್‌ಟಾಪ್ 64 ಬಿಟ್ ಆಗಿದ್ದು 4 ಜಿಬಿ ರ‍್ಯಾಮ್ ಇದ್ರೆ ಧಾರಾಳ ಸಾಕು.

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಗೊಳ್ಳಿ ಅಂತ ತುಂಬ ಜನ ಹೇಳ್ತಾರೆ, ಅದೂ ಚೆನ್ನಾಗೇ ಇದೆ, ಆದ್ರೆ ಕರೆಂಟ್ ಹೋದ ತಕ್ಷಣ ಅದು ಆಫ್, ಲ್ಯಾಪ್‌ಟಾಪಿಗಾದ್ರೆ ಅದರ ಬ್ಯಾಟರಿನೇ ಯುಪಿಎಸ್. ಅದಕ್ಕೇ ಫೈಲ್ ಇಡೋ ಎಕ್ಸ್‌ಟರ್ನಲ್ ಡಿಸ್ಕ್ ಕೂಡ ಯುಎಸ್‌ಬಿಯಿಂದಲೇ ಪವರ್ ತಗೊಳ್ಳೋ 2.5 ಇಂಚಿನ ಪೋರ್ಟಬಲ್ ಡಿಸ್ಕೇ ಇರ್ಲಿ, ಬೇರೆ ಅಡಾಪ್ಟರ್ ಇರೋ ದೊಡ್ಡ ಡಿಸ್ಕ್ ಆದ್ರೆ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಓಡ್ತಾ ಇರತ್ತೆ ಡಿಸ್ಕ್ ಮಾತ್ರ ನಿಂತ್ಹೋಗತ್ತೆ. ಬ್ಯಾಟರಿ ಉಬ್ಬಿದ್ರೆ ಮಾತ್ರ ದಯವಿಟ್ಟು ತೆಗೆದುಬಿಡಿ, ಬೆಂಕಿ ಅಪಾಯ ಅದು. ಕರೆಂಟ್ ಬಿಲ್ ಭಯ ಬೇಡ, 15 ವ್ಯಾಟ್ ಎಳೆಯೋ ಲ್ಯಾಪ್‌ಟಾಪ್ ದಿನಪೂರ್ತಿ ಓಡಿದ್ರೂ ತಿಂಗಳಿಗೆ ಸುಮಾರು 11 ಯೂನಿಟ್.

ಸಾಫ್ಟ್‌ವೇರಿಗೆ ಓಪನ್‌ಮೀಡಿಯಾವಾಲ್ಟ್ ಹಾಕಿ. ಡೆಬಿಯನ್ ಅನ್ನೋ ಲಿನಕ್ಸ್ ಮೇಲೆ ಕಟ್ಟಿರೋದು, ಫ್ರೀ, ಎಲ್ಲಾ ಸೆಟ್ಟಿಂಗೂ ಬ್ರೌಸರಲ್ಲೇ ಮಾಡ್ಬಹುದು. ಅದರ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಡೌನ್‌ಲೋಡ್ ಮಾಡಿ ಎಚರ್ ಅನ್ನೋ ಆ್ಯಪಿಂದ ಪೆನ್‌ಡ್ರೈವಿಗೆ ಬರ‍್ಕೊಂಡು ಅದರಿಂದ ಬೂಟ್ ಮಾಡಿ. ಒಳಗಿನ ಡಿಸ್ಕ್ ಪೂರ್ತಿ ಅಳಿಸಿಹೋಗತ್ತೆ, ಮೊದಲೇ ನೋಡ್ಕೊಳ್ಳಿ, ಎಕ್ಸ್‌ಟರ್ನಲ್ ಡಿಸ್ಕನ್ನಂತೂ ಇನ್‌ಸ್ಟಾಲ್ ಮುಗಿಯೋವರೆಗೂ ಚುಚ್ಚಲೇಬೇಡಿ, ಕೈತಪ್ಪಿ ಅದನ್ನ ಸೆಲೆಕ್ಟ್ ಮಾಡಿದ್ರೆ ಮುಗೀತು ಕಥೆ.

ಆಮೇಲೆ ಲ್ಯಾನ್ ಕೇಬಲ್ ಹಾಕಿ ರೌಟರ್ ಸೆಟ್ಟಿಂಗಲ್ಲಿ ಇದಕ್ಕೊಂದು ಐಪಿ (ನೆಟ್‌ವರ್ಕಲ್ಲಿನ ಅಡ್ರೆಸ್) ರಿಸರ್ವ್ ಮಾಡಿ, 192.168.1.50 ಅಂತಿಟ್ಕೊಳ್ಳಿ. ಇಲ್ಲಾಂದ್ರೆ ರೌಟರ್ ರೀಸ್ಟಾರ್ಟ್ ಆದಾಗ ಅಡ್ರೆಸ್ ಬದಲಾಗಿ ಮನೆಯವರೆಲ್ಲ "ಸರ್ವರ್ ಹೋಯ್ತು" ಅಂತಾರೆ. ರೌಟರ್ ಪೋರ್ಟು 100 ಎಂಬಿಪಿಎಸ್‌ದಾದ್ರೆ ಸೆಕೆಂಡಿಗೆ 11-12 ಎಂಬಿ ಅಷ್ಟೇ, 50 ಜಿಬಿ ಮದುವೆ ವಿಡಿಯೋಗೆ ಒಂದೂಕಾಲು ಗಂಟೆ ಹಿಡಿಯತ್ತೆ. ಗಿಗಾಬಿಟ್ ಪೋರ್ಟು, ಯುಎಸ್‌ಬಿ 3 ಡಿಸ್ಕು ಎರಡೂ ಇದ್ರೆ ಅದೇ ಕೆಲಸ ಹತ್ತು ನಿಮಿಷದ ಆಸುಪಾಸಲ್ಲಿ ಮುಗಿಯತ್ತೆ.

ಬೇರೆ ಕಂಪ್ಯೂಟರಿನ ಬ್ರೌಸರಲ್ಲಿ ಆ ಐಪಿ ಹಾಕಿ, ಯೂಸರ್ admin, ಪಾಸ್‌ವರ್ಡ್ openmediavault (ಎಲ್ಲಾ ಸಣ್ಣಕ್ಷರದಲ್ಲಿ, ಸೇರಿಸಿ), ಒಳಗೆ ಹೋದ್ಕೂಡ್ಲೇ ಅದನ್ನ ಬದಲಾಯ್ಸಿ. ಡಿಸ್ಕ್ ಚುಚ್ಚಿ ಫೈಲ್ ಸಿಸ್ಟಮ್ಸ್ ಮೆನುವಲ್ಲಿ ಇಎಕ್ಸ್‌ಟಿ4 (ಲಿನಕ್ಸಿನ ಫಾರ್ಮ್ಯಾಟ್) ಮಾಡಿ ಮೌಂಟ್ ಮಾಡಿ, ಅಂದ್ರೆ ಬಳಕೆಗೆ ಜೋಡ್ಸಿ, ಇದ್ರಲ್ಲೂ ಹಳೇದೆಲ್ಲ ಅಳಿಸಿಹೋಗತ್ತೆ. ಆಮೇಲೆ ಶೇರ್ಡ್ ಫೋಲ್ಡರ್, ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು ಯೂಸರ್, ಯಾರಿಗೆ ಯಾವ ಫೋಲ್ಡರ್ ಅನ್ನೋ ಪರ್ಮಿಷನ್, ಕೊನೆಗೆ ಎಸ್‌ಎಂಬಿ (ನೆಟ್‌ವರ್ಕಲ್ಲಿ ಫೋಲ್ಡರ್ ಹಂಚೋ ವಿಧಾನ) ಆನ್ ಮಾಡಿ ಫೋಲ್ಡರನ್ನ ಅಲ್ಲಿ ಸೇರ್ಸಿ. ಪ್ರತಿ ಸಲ ಮೇಲೆ ಹಳದಿ ಪಟ್ಟಿ ಬರತ್ತೆ, ಅದ್ರಲ್ಲಿ ಅಪ್ಲೈ ಒತ್ತದಿದ್ರೆ ನೀವು ಮಾಡಿದ್ದು ಯಾವುದೂ ಜಾರಿಗೆ ಬರಲ್ಲ.

ಲಿಡ್ ಮುಚ್ಚಿದ್ರೆ ಲ್ಯಾಪ್‌ಟಾಪ್ ಸ್ಲೀಪಿಗೆ ಹೋಗತ್ತೆ. ಅದಕ್ಕೆ ಲಾಗಿನ್‌ಡಿ ಕಾನ್ಫಿಗ್ ಫೈಲಲ್ಲಿ (logind.conf) HandleLidSwitch ಸಾಲಿನ ಮುಂದಿರೋ # ತೆಗೆದು HandleLidSwitch=ignore ಅಂತ ಬರೆದು ರೀಸ್ಟಾರ್ಟ್ ಮಾಡಿ.

ವಿಂಡೋಸಲ್ಲಿ ಅಡ್ರೆಸ್ ಬಾರಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಐಪಿ ಹೊಡೆದ್ರೆ ಫೋಲ್ಡರ್ ತೆರ‍್ಕೊಳ್ಳತ್ತೆ, ಐಫೋನಿನ ಫೈಲ್ಸ್ ಆ್ಯಪಲ್ಲೂ ಸರ್ವರ್ ಕನೆಕ್ಟ್ ಮಾಡೋ ಆಪ್ಷನ್ ಇದೆ, ಟಿವಿಗೆ ವಿಎಲ್‌ಸಿ ಸಾಕು.

ಊರಿಂದ ಹೊರಗಿದ್ದಾಗಲೂ ಬೇಕು ಅಂತ ರೌಟರಲ್ಲಿ ಎಸ್‌ಎಂಬಿ ಬಳಸೋ ಪೋರ್ಟ್ 445 ಮಾತ್ರ ಇಂಟರ್ನೆಟ್ಟಿಗೆ ತೆರೀಬೇಡಿ. 2017ರಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವಾನ್ನಾಕ್ರೈ ಮಾಲ್‌ವೇರ್ ಹರಡಿದ್ದು ವಿಂಡೋಸಿನ ಹಳೇ ಎಸ್‌ಎಂಬಿಯ ತೂತಿನಿಂದ್ಲೇ. ಟೇಲ್‌ಸ್ಕೇಲ್ ಅನ್ನೋ ವಿಪಿಎನ್ (ಹೊರಗಿಂದ ಸರ್ವರಿಗೆ ಸುರಕ್ಷಿತ ದಾರಿ) ಹಾಕ್ಕೊಳ್ಳಿ, ಪೋರ್ಟ್ ತೆರೆಯೋ ಗೊಡವೆನೇ ಇಲ್ಲ, ಇಂಟರ್ನೆಟ್ ಕಂಪನಿ ನಿಮಗೆ ಸ್ವಂತ ಪಬ್ಲಿಕ್ ಐಪಿ ಕೊಡದೇ ಇದ್ರೂ ಕೆಲಸ ಮಾಡತ್ತೆ.

ಇನ್ನೊಂದು ಮಾತು, ಇದನ್ನ ನಾನು ನೋವಿಂದ ಹೇಳ್ತಿದೀನಿ. ಸರ್ವರಲ್ಲಿ ಹಾಕಿದ್ವಿ ಅಂತ ಫೋನಿಂದ ಎಲ್ಲಾ ಅಳಿಸಿಬಿಟ್ಟಿದ್ವಿ, ಒಂದಿನ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡಿ ಸತ್ತೋಯ್ತು, ಮಗಳ ಮೊದಲ ವರ್ಷದ ಫೋಟೋಗಳು ಅದ್ರ ಜೊತೆಗೇ ಹೋದ್ವು. ಒಂದೇ ಕಡೆ ಇದ್ರೆ ಅದು ಬ್ಯಾಕಪ್ ಅಲ್ಲ. ಈಗ ಇನ್ನೊಂದು ಡಿಸ್ಕಿಗೆ ವಾರಕ್ಕೊಮ್ಮೆ ಆರ್‌ಸಿಂಕ್ ಅನ್ನೋ ಕಾಪಿ ಟೂಲಲ್ಲಿ ಕಾಪಿ ಆಗತ್ತೆ, ಮೂರನೇ ಡಿಸ್ಕ್ ಅಣ್ಣನ ಮನೆ ಬೀರುವಲ್ಲಿದೆ, ಹಬ್ಬಕ್ಕೆ ಹೋದಾಗ ತಂದು ಹೊಸದೆಲ್ಲ ತುಂಬಿಸಿ ನಾಲ್ಕೈದು ಫೋಟೋ ತೆರೆದು ನೋಡಿ ವಾಪಸ್ ಇಡ್ತೀವಿ.