ಶುಕ್ರವಾರದ ಪ್ರೂಫ್: ಸರ್ಕಾರಿ ಕಚೇರಿಯಲ್ಲಿ ಅಜೈಲ್ ಮಾಡಿದ ನನ್ನ ಅನುಭವ

ಬೆಂಗಳೂರಿನ ಒಂದು ಸರ್ಕಾರಿ ಕಚೇರಿಗೆ ಅರ್ಜಿ ವಿಲೇವಾರಿಯ ಸಾಫ್ಟ್‌ವೇರ್ ಮಾಡಿಕೊಡುವ ತಂಡದಲ್ಲಿ ನಾನಿದ್ದೆ. ಮೊದಲ ನಾಲ್ಕು ತಿಂಗಳು ಎಸ್‌ಆರ್‌ಎಸ್, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ವಿವರ, ಬರೆಯುವುದರಲ್ಲೇ ಹೋಯಿತು. ದಪ್ಪ ಪುಸ್ತಕ. ಎಲ್ಲರೂ ಸಹಿ ಹಾಕಿದರು, ಯಾರೂ ಪೂರ್ತಿ ಓದಿರಲಿಲ್ಲ. ಸುಳ್ಳೇಕೆ, ನಾನೂ ಓದಿರಲಿಲ್ಲ.

ಆಮೇಲೆ ಅಜೈಲ್ ಮಾಡೋಣ ಎಂದು ಹೊರಟೆವು. ಅಂದರೆ ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವೇ ಕಟ್ಟಿ, ಆಗಾಗ ತೋರಿಸಿ, ತಿದ್ದಿಕೊಳ್ಳುತ್ತಾ ಹೋಗುವ ವಿಧಾನ. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಕೂತು ಬರೆದ ಅಜೈಲ್ ಪ್ರಣಾಳಿಕೆಯನ್ನು ಸ್ಲೈಡ್ ಮಾಡಿ ಅಧಿಕಾರಿಗಳಿಗೆ ತೋರಿಸಿದೆ. ಸುಮ್ನೆ ನೋಡುತ್ತಾ ಕೂತರು. ಕೊನೆಗೆ, "ಮದುವೆ ಕಾರ್ಡ್ ಪ್ರಿಂಟ್‌ಗೆ ಕೊಟ್ಟರೆ ಮೊದಲು ಪ್ರೂಫ್ ನೋಡ್ತೀರಿ ಅಲ್ವಾ ಸರ್? ಹಾಗೇ ಎರಡು ವಾರಕ್ಕೊಮ್ಮೆ ಪ್ರೂಫ್ ತೋರಿಸ್ತೀವಿ" ಅಂದೆ. ತಕ್ಷಣ ಒಪ್ಪಿದರು. ಸ್ಪ್ರಿಂಟ್ ಅಂದರೆ ಈ ಎರಡು ವಾರದ ಕಂತಿನ ಕೆಲಸ; ಅದರ ಕೊನೆಗೆ ತೋರಿಸುವ ಡೆಮೊಗೆ ಅಲ್ಲಿ 'ಶುಕ್ರವಾರದ ಪ್ರೂಫ್' ಅಂತಲೇ ಹೆಸರಾಯಿತು.

ಮೊದಲ ಪ್ರೂಫ್‌ಗೆ ಕೇಸ್ ವರ್ಕರ್ ಒಬ್ಬರು ಇರಲೇಬೇಕು ಎಂದು ಹಟ ಹಿಡಿದೆ. ಬಂದ ಮೇಡಂ ಐದು ನಿಮಿಷ ಸ್ಕ್ರೀನ್ ನೋಡಿ, "ಷರಾ ಎಲ್ಲಿ ಬರೀಬೇಕು ಸರ್?" ಎಂದರು. ನಾವಿಟ್ಟಿದ್ದು ಎರಡೇ ಬಟನ್: ಮಂಜೂರು, ತಿರಸ್ಕಾರ. ಅವರ ಮೇಜಿನ ಮೇಲೆ ಜಾಸ್ತಿ ನಡೆಯುವುದು ಎರಡೂ ಅಲ್ಲ. ದಾಖಲೆ ಸಾಲದ ಅರ್ಜಿಗೆ ಷರಾ ಬರೆದು ವಾಪಸ್ ಕಳಿಸುವುದು. ಆ ದಪ್ಪ ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ! ಕೊನೆಗೆ ಯುಎಟಿಯಲ್ಲಿ (ಬಳಸುವವರೇ ಪರೀಕ್ಷಿಸಿ ಒಪ್ಪುವ ಹಂತ) ಗೊತ್ತಾಗಿದ್ದರೆ ಅರ್ಧ ಕೆಲಸ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಈಗ ಎರಡು ವಾರದಲ್ಲಿ ಮುಗಿಯಿತು.

ದಿನಾ 15 ನಿಮಿಷ ನಿಂತು ಮಾತಾಡುವ ಸ್ಟ್ಯಾಂಡ್‌ಅಪ್ ಮಾತ್ರ ಕೈಹತ್ತಲಿಲ್ಲ. ಸಾಹೇಬರ ಎದುರು ಯಾರು ಬಾಯಿ ಬಿಡುತ್ತಾರೆ? ಅದನ್ನು ನಮ್ಮ ಪ್ರೋಗ್ರಾಮರ್‌ಗಳಿಗಷ್ಟೇ ಇಟ್ಟುಕೊಂಡೆವು.

ದೊಡ್ಡ ಪೆಟ್ಟು ಬಿದ್ದಿದ್ದು ಜೂನ್‌ನಲ್ಲಿ. ಪ್ರಾಡಕ್ಟ್ ಓನರ್ ಆಗಿ ಏನು ಮೊದಲು, ಏನು ಆಮೇಲೆ ಎಂದು ಹೇಳುತ್ತಿದ್ದ ಅಧೀಕ್ಷಕರಿಗೆ ವರ್ಗಾವಣೆಯಾಯಿತು. ಹೊಸಬರು ಬಂದವರೇ, "ಇದನ್ನೆಲ್ಲ ಮಾಡಿ ಅಂತ ಯಾರು ಹೇಳಿದ್ದು?" ಎಂದರು. ಪುಣ್ಯಕ್ಕೆ, ಪ್ರತಿ ಪ್ರೂಫ್ ಆದ ಮೇಲೆ ಒಂದು ಪುಟದ ನಡಾವಳಿ ಬರೆದು, ಸಹಿ ಹಾಕಿಸಿ ಕಡತಕ್ಕೆ ಸೇರಿಸಿದ್ದೆವು. ಕಡತ ತಿರುವಿ ನೋಡಿ ಸುಮ್ಮನಾದರು. ಅಜೈಲ್ ಅಂದರೆ ಕಾಗದವೇ ಬೇಡ ಅನ್ನುವವರಿದ್ದಾರೆ. ಪ್ರಣಾಳಿಕೆ ಹಾಗೆ ಹೇಳುವುದಿಲ್ಲ. ಕಾಗದಕ್ಕಿಂತ ಓಡುವ ಸಾಫ್ಟ್‌ವೇರ್ ಹೆಚ್ಚು ಅನ್ನುತ್ತದೆ, ಅಷ್ಟೇ.

ದುಡ್ಡಿನ ವಿಷಯದಲ್ಲಿ ನಾವು ಸೋತೆವು. ಟೆಂಡರ್‌ನಲ್ಲಿ ಕಂತುಗಳಿದ್ದಿದ್ದು ಎಸ್‌ಆರ್‌ಎಸ್, ಯುಎಟಿ, ಗೋ-ಲೈವ್‌ಗೆ (ಬಳಕೆಗೆ ಬಿಡುವುದಕ್ಕೆ) ಮಾತ್ರ. ಒಪ್ಪಂದವಾದ ಮೇಲೆ ಬದಲಿಸಲು ಆಗಲಿಲ್ಲ. ಪ್ರೂಫ್ ಎಷ್ಟೇ ತೋರಿಸಿದರೂ ಯುಎಟಿ ಸಹಿ ಬೀಳುವ ತನಕ ಬಿಲ್ ಆಗುವಂತಿರಲಿಲ್ಲ. ಈಗ ಬಿಡ್ ಹಾಕುವ ಮುಂಚಿನ ಪ್ರೀ-ಬಿಡ್ ಸಭೆಗೆ ಹೋದರೆ ನನ್ನ ಮೊದಲ ಪ್ರಶ್ನೆ, "ಕಂತನ್ನು ಸಾಫ್ಟ್‌ವೇರ್‌ನ ಒಂದೊಂದು ಮಾಡ್ಯೂಲ್‌ ಲೆಕ್ಕದಲ್ಲಿ ಒಡೆದು ಕೊಡ್ತೀರಾ ಸರ್?"