ಹೂವಿನ ಅಚ್ಚಿಗೆ ಜಲವರ್ಣ: ಮೊದಲು ಇಂಕು ಒಣಗಲಿ

ಚಿತ್ರ ಬಿಡಿಸಲು ಬರುವುದಿಲ್ಲ ಎನ್ನುವವರೂ ಆರ್ಟ್ ಜರ್ನಲ್‌ನಲ್ಲಿ, ಅಂದರೆ ಚಿತ್ರವೂ ಬರಹವೂ ಸೇರಿದ ನೋಟ್‌ಪುಸ್ತಕದಲ್ಲಿ, ಚೆಂದದ ಹೂವಿನ ಪುಟ ಮಾಡಬಹುದು. ಹೂವಿನ ಅಚ್ಚು ಒತ್ತುವುದು, ಒಳಗೆ ಜಲವರ್ಣ ತುಂಬುವುದು, ಪಕ್ಕದಲ್ಲಿ ನಾಲ್ಕು ಸಾಲು ಬರೆಯುವುದು, ಇಷ್ಟೇ. ವಿಜಯಪುರದಲ್ಲಿ ಬೇಸಿಗೆ ರಜೆ ಬಂತೆಂದರೆ ಮಕ್ಕಳೂ ಅಮ್ಮಂದಿರೂ ಇದಕ್ಕೆ ಆಸೆಯಿಂದ ಕೂರುತ್ತಾರೆ. ಆದರೆ ಬ್ರಷ್ ತಾಗಿದ ಕೂಡಲೇ ಅಚ್ಚಿನ ಗೆರೆ ಕರಗಿ, ಹಳದಿ ಹೂವೆಲ್ಲ ಮಸಿ ಮಸಿಯಾಗುತ್ತದೆ. ತಮಗೆ ಕಲೆ ಒಲಿದಿಲ್ಲ ಎಂದು ಪುಸ್ತಕ ಮುಚ್ಚಿಡುತ್ತಾರೆ. ಆದರೆ ಹೀಗೆ ಕೆಟ್ಟ ಪುಟಗಳಲ್ಲಿ ಬಹುಪಾಲು ಕೆಡುವುದು ಇಂಕಿನಿಂದ.

ಕಾಗದದ ಮಾತು ಬೇಗ ಮುಗಿಸೋಣ. 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ವಾಟರ್‌ಕಲರ್ ಕಾಗದ ಇರಲಿ. ಕೊನೇಪಕ್ಷ 200. ಶಾಲೆಯ ಡ್ರಾಯಿಂಗ್ ಪುಸ್ತಕ ನೀರು ಕುಡಿದು ಸುಕ್ಕಾಗುತ್ತದೆ, ಬೇಡ. ಪುಟದ ನಾಲ್ಕೂ ಅಂಚಿಗೆ ಸುಲಭವಾಗಿ ಕೀಳಬಹುದಾದ ಕಾಗದದ ಮಾಸ್ಕಿಂಗ್ ಟೇಪ್ ಅಂಟಿಸಿ.

ಅಚ್ಚು ಅಂಗಡಿಯದೇ ಆಗಬೇಕೆಂದಿಲ್ಲ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರ್ ಮೇಲೆ ಹೂ ಕೆತ್ತಬಹುದು. ಇನ್ನೂ ಸುಲಭ ಬೇಕಾದರೆ ಬೆಂಡೆಕಾಯಿ. ಅಡ್ಡ ಕೊಯ್ದರೆ ಐದು ಎಸಳಿನ ಹೂವೇ ಸಿಗುತ್ತದೆ, ಎಸಳಿನ ಒಳಗೆ ಬಣ್ಣ ತುಂಬಲು ಜಾಗವೂ ಇರುತ್ತದೆ. ಎಳೆಯದಕ್ಕಿಂತ ಸ್ವಲ್ಪ ಬಲಿತ ಕಾಯಿ ಒಳ್ಳೆಯದು. ಲೋಳೆಯನ್ನು ಅರಿವೆಯಿಂದ ಚೆನ್ನಾಗಿ ಒತ್ತಿ ತೆಗೆಯಿರಿ. ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಈಗ ಇಂಕು. ಇಲ್ಲಿ ಗಡಿಬಿಡಿ ಮಾಡಬೇಡಿ.

ಮನೆಯಲ್ಲಿರುವ ಆಫೀಸಿನ ನೇರಳೆ ಸ್ಟ್ಯಾಂಪ್ ಪ್ಯಾಡ್ ತಂದು ಒತ್ತುವವರೇ ಜಾಸ್ತಿ. ಪ್ಯಾಡ್ ಬೇಗ ಒಣಗದಿರಲಿ ಎಂದು ಅದರ ಇಂಕಿಗೆ ಗ್ಲಿಸರಿನ್‌ನಂಥ ವಸ್ತು ಸೇರಿಸಿರುತ್ತಾರೆ. ಮೇಲಾಗಿ ಅದು ನೀರಿನಲ್ಲಿ ಕರಗುವ ಇಂಕು. ರಾತ್ರಿಯಿಡೀ ಬಿಟ್ಟರೂ ಬೆಳಿಗ್ಗೆ ಒದ್ದೆ ಬ್ರಷ್ ಸೋಕಿದರೆ ಹರಡುತ್ತದೆ. ಮೆಮೆಂಟೊ ಹೆಸರಿನ ಇಂಕೂ ಹಾಗೇ. ಅದು ಆಲ್ಕೋಹಾಲ್ ಮಾರ್ಕರ್ (ಆಲ್ಕೋಹಾಲ್ ಬೆರೆತ ಬಣ್ಣದ ಪೆನ್ನು) ಜೊತೆ ಚೆನ್ನಾಗಿ ಹೊಂದುತ್ತದೆ, ಜಲವರ್ಣದ ಜೊತೆ ಹೊಂದುವುದಿಲ್ಲ. ಒಣಗಿದ ಮೇಲೆ ನೀರಿಗೆ ಜಗ್ಗದ ಇಂಕು ಕೇಳಿ ತನ್ನಿ. ಸ್ಟೇಜಾನ್ ಹೆಸರಿನ ಇಂಕು ಅಂಥದ್ದು. ಆದರೆ ಅದು ಬರೀ ನೀರಿಗೆ ಬಿಡುವುದಿಲ್ಲ, ಅಚ್ಚು ತೊಳೆಯಲು ಅದರದೇ ಕ್ಲೀನರ್ ಬೇಕು. ಅಷ್ಟು ಖರ್ಚು ಬೇಡವೆಂದರೆ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಿಂದ ಅಚ್ಚಿಗೆ ತೆಳ್ಳಗೆ ಹಚ್ಚಿ ಒತ್ತಿ. ಒಣಗಿದರೆ ನೀರಿಗೆ ಕದಲುವುದಿಲ್ಲ. ಬೆಂಡೆಕಾಯಿಗೆ ನಾನು ಹೇಳುವುದು ಇದನ್ನೇ. ರಬ್ಬರ್ ಅಚ್ಚಾದರೆ ಒತ್ತಿದ ತಕ್ಷಣ ತೊಳೆಯಿರಿ, ಅಕ್ರಿಲಿಕ್ ಒಣಗಿ ಕೂತರೆ ಅಚ್ಚಿನ ಗೀರುಗಳೆಲ್ಲ ಮುಚ್ಚಿಹೋಗುತ್ತವೆ.

ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಬೇರೆ ಚೂರು ಕಾಗದದ ಮೇಲೆ ಒಮ್ಮೆ ಒತ್ತಿ, ಒಣಗಿಸಿ, ಒದ್ದೆ ಬ್ರಷ್ ಎಳೆದು ನೋಡಿ. ಗೆರೆ ಕದಲಲಿಲ್ಲವೆಂದರೆ ಪುಟಕ್ಕೆ ಬನ್ನಿ.

ಒತ್ತುವಾಗ ಪುಟದ ಕೆಳಗೆ ಮಡಚಿದ ಹಳೇ ಪೇಪರ್ ಇಡಿ. ಅಚ್ಚನ್ನು ನೆಟ್ಟಗೆ ಇಳಿಸಿ, ಎಲ್ಲ ಕಡೆ ಸಮನಾಗಿ ಅದುಮಿ, ನೆಟ್ಟಗೇ ಎತ್ತಿ. ಅತ್ತಿತ್ತ ಹೊರಳಿಸಿದರೆ ಗೆರೆ ಜೋಡಿಯಾಗುತ್ತದೆ. ಮೂರು ದೊಡ್ಡ ಹೂ, ನಾಲ್ಕೈದು ಸಣ್ಣವು ಸಾಕು. ಪುಟ ತುಂಬ ಒತ್ತಿದರೆ ಬರೆಯಲು ಜಾಗ ಎಲ್ಲಿ ಉಳಿಯುತ್ತದೆ ಅಲ್ವಾ?

ಏಪ್ರಿಲ್ ಬಿಸಿಲಲ್ಲಿ ಇಲ್ಲಿ ಇಂಕು ಬೇಗ ಒಣಗುತ್ತದೆ. ಮಳೆಗಾಲದ ಬೆಳಗಾವಿಯಲ್ಲಾದರೆ ಜಾಸ್ತಿ ಹೊತ್ತು ಬಿಡಿ. ಹೇರ್ ಡ್ರೈಯರ್ ಹಿಡಿಯುವುದಾದರೆ ಈ ಹಂತದಲ್ಲೇ ಹಿಡಿಯಿರಿ. ಹಸಿ ಜಲವರ್ಣದ ಮೇಲೆ ಹಿಡಿದರೆ ನಿಂತ ಬಣ್ಣ ಓಡಿ ಪಕ್ಕದ ಹೂವಿಗೆ ಸೇರುತ್ತದೆ.

ಬಣ್ಣ ತುಂಬಲು ಎರಡು ಲೋಟ ನೀರು ಇಟ್ಟುಕೊಳ್ಳಿ, ಒಂದು ಬ್ರಷ್ ತೊಳೆಯಲು, ಒಂದು ಬಣ್ಣ ಕಲೆಸಲು. ಬಣ್ಣ ತಿಳಿ ಚಹಾದಷ್ಟು ತೆಳ್ಳಗಿರಲಿ. ನಮ್ಮ ಕಡೆ ಹೊಲದಲ್ಲಿ ನೋಡುವ ಕುಸುಬಿ ಹೂವನ್ನೇ ತೆಗೆದುಕೊಳ್ಳಿ. ಅರಳಿದಾಗ ಹಳದಿ, ಬಾಡುತ್ತ ಬಂದಂತೆ ಕೇಸರಿ, ಕೆಂಪು. ಮೊದಲು ಒಂದೇ ಎಸಳಿಗೆ ಬರೀ ನೀರು ಸವರಿ. ಕಾಗದ ಹೊಳೆಯುತ್ತಿರುವಾಗಲೇ ತುದಿಗೆ ಹಳದಿ, ಬುಡಕ್ಕೆ ಕೇಸರಿ ಮುಟ್ಟಿಸಿ ಕೈ ತೆಗೆಯಿರಿ. ಎರಡೂ ತಾವಾಗಿಯೇ ನಡುವೆ ಬೆರೆಯುತ್ತವೆ. ಬ್ರಷ್‌ನಿಂದ ಉಜ್ಜಿ ಬೆರೆಸಲು ಹೋಗಬೇಡಿ.

ಆ ಹೊಳಪಿನ ಮೇಲೆ ಕಣ್ಣಿರಲಿ. ಹೊಳಪು ಹೋಗಿ ಇನ್ನೂ ತಂಪಾಗಿರುವ ಕಾಗದಕ್ಕೆ ಮತ್ತೆ ನೀರು ಬಿದ್ದರೆ ಬಣ್ಣ ಹಿಂದೆ ಸರಿದು, ಅಂಚು ಚಿಂದಿಯಾದ ಕಲೆ ಉಳಿಯುತ್ತದೆ. ಸರಿಮಾಡಲು ಹೋದಷ್ಟೂ ದೊಡ್ಡದಾಗುತ್ತದೆ. ಪೂರ್ತಿ ಒಣಗುವ ತನಕ ಸುಮ್ನೆ ಬಿಟ್ಟುಬಿಡಿ. ನಮ್ಮ ಬೇಸಿಗೆಯಲ್ಲಿ ಹೊಳಪು ನಿಲ್ಲುವುದೇ ಕಡಿಮೆ, ಅದಕ್ಕೇ ಒಂದೊಂದೇ ಎಸಳು ಮಾಡಿ ಎನ್ನುವುದು. ಫ್ಯಾನ್ ಕೆಳಗೆ ಕೂರಬೇಡಿ, ಬೆಳಗಿನ ಹೊತ್ತು ಒಳ್ಳೆಯದು.

ಹೂ ಪೂರ್ತಿ ಒಣಗುವ ಮುಂಚೆ ಎಲೆಗೆ ಕೈ ಹಾಕಬೇಡಿ. ಹಸಿ ಕೆಂಪಿಗೆ ಹಸಿ ಹಸಿರು ಸೇರಿದರೆ ಕೆಸರಿನ ಬಣ್ಣ. ಮೂರು ಬಣ್ಣ ದಾಟದಿರುವುದು ಕ್ಷೇಮ. ಬಣ್ಣ ತೆಳು ಮಾಡಲು ನೀರು ಸಾಕು, ಬಿಳಿ ಟ್ಯೂಬ್ ಡಬ್ಬಿಯಲ್ಲೇ ಇರಲಿ. ಅದು ಬೆರೆತರೆ ಜಲವರ್ಣದ ತಿಳಿತನವೇ ಹೋಗುತ್ತದೆ. ಹೊಳೆಯುವ ಗ್ಲಿಟರ್ ಅಂಟು ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ, ಪುಸ್ತಕ ಮುಚ್ಚಿದಾಗ ಎದುರಿನ ಪುಟಕ್ಕೆ ಅಂಟಿ ಎರಡನ್ನೂ ಹಾಳು ಮಾಡುತ್ತದೆ.

ಬರವಣಿಗೆ ಕೊನೆಗೆ, ನೀರಿಗೆ ಕರಗದ ಪೆನ್ನಿನಲ್ಲಿ. ಸಾಲುಗಳನ್ನು ಹೂವಿನ ಸುತ್ತ ಬಳಸಿ ಬರೆಯಿರಿ. ಅಕ್ಷರವೂ ಅಲಂಕಾರವಾಗುವುದು ಹೇಗೆಂದು ನೋಡಬೇಕಾದರೆ ವಿಜಯಪುರದ ಇಬ್ರಾಹಿಂ ರೋಜಾ ಗೋರಿಗೆ ಹೋಗಿ. ಅಲ್ಲಿ ಕಿಟಕಿಯ ಕಲ್ಲಿನ ಜಾಲರಿಯನ್ನೇ ಅರಬ್ಬಿ ಅಕ್ಷರಗಳಲ್ಲಿ ಕೊರೆದಿದ್ದಾರೆ. ಮಕ್ಕಳನ್ನು ಕರೆದೊಯ್ದು ತೋರಿಸಿ, ಪೆನ್ಸಿಲ್ಲೂ ಒಯ್ಯಿರಿ.

ಟೇಪನ್ನು ಪುಟದ ಒಳಗಿನಿಂದ ಹೊರಗೆ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ಪುಟ ಸ್ವಲ್ಪ ಡೊಂಕಾಗಿದ್ದರೆ ಮೇಲೊಂದು ಬಿಳಿ ಹಾಳೆ ಇಟ್ಟು, ಪುಸ್ತಕ ಮುಚ್ಚಿ, ರಾತ್ರಿ ಭಾರ ಹೇರಿ. ಹಸಿ ಪುಟಕ್ಕೆ ಮಾತ್ರ ಹೀಗೆ ಮಾಡಬೇಡಿ. ಅಂಗೈ ಹಿಂಭಾಗ ತಾಗಿಸಿದಾಗ ತಂಪೆನಿಸಿದರೆ ಅದು ಇನ್ನೂ ಒಣಗಿಲ್ಲ.