ತುಮಕೂರಿನಿಂದ ಇಂಗ್ಲೆಂಡಿಗೆ ಬಂದವರಿಗೆ: ಡಾಕ್ಟರ ಹತ್ತು ನಿಮಿಷ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆ ಟೋಕನ್ ಹಿಡಿದು ಕುಳಿತರೆ, ತಡವಾದರೂ ಊಟದ ಹೊತ್ತಿಗೆ ಡಾಕ್ಟರಿಗೆ ತೋರಿಸಿ, ಮಾತ್ರೆ ಕೊಂಡು ಮನೆ ಸೇರಬಹುದು. ಚರ್ಮದ ತೊಂದರೆಯಾದರೆ ನೇರವಾಗಿ ಚರ್ಮದ ಡಾಕ್ಟರಲ್ಲಿಗೇ ಹೋಗಬಹುದು. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯವಾಗಿ ಮೊದಲು ಜಿ.ಪಿ. ಎಂಬ ಕುಟುಂಬ ವೈದ್ಯರು. ಅವರು ಬರೆದುಕೊಟ್ಟ ಮೇಲೆ ತಜ್ಞರು.

ಹಾಗಾಗಿ ಮನೆ ಸಿಕ್ಕ ವಾರವೇ ಹತ್ತಿರದ ಜಿ.ಪಿ. ಕ್ಲಿನಿಕ್‌ನಲ್ಲಿ ಹೆಸರು ನೋಂದಾಯಿಸಿ. ಇದಕ್ಕೆ ಹಣವಿಲ್ಲ. ವಿಳಾಸದ ದಾಖಲೆ ಇಲ್ಲವೆಂಬ ಕಾರಣಕ್ಕೆ ವಾಪಸ್ ಕಳಿಸುವಂತೆಯೂ ಇಲ್ಲ. ಉದ್ಯೋಗ ವೀಸಾದ ಅನೇಕರು ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿಯೇ ಬಂದಿರುತ್ತಾರೆ. ಅಷ್ಟು ಕಟ್ಟಿಯೂ ‘ಸಣ್ಣ ವಿಷಯಕ್ಕೆ ಯಾಕೆ ಹೋಗುವುದು’ ಎಂದು ಸಂಕೋಚಪಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅನೇಕ ಕ್ಲಿನಿಕ್‌ಗಳ ಫೋನ್ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಆ ಕ್ಷಣಕ್ಕೇ ಸಾಲು ಬೆಳೆಯುತ್ತದೆ. ಆನ್‌ಲೈನ್ ಅರ್ಜಿ ಇದ್ದರೆ ಅದನ್ನೇ ತುಂಬಿ. ಫೋನ್ ಎತ್ತಿದವರು ‘ಏನು ತೊಂದರೆ?’ ಎಂದು ಕೇಳುತ್ತಾರೆ. ‘ಅದನ್ನು ಡಾಕ್ಟರಿಗೇ ಹೇಳುತ್ತೇನೆ’ ಎಂದು ಮುಖ ಊದಿಸಬೇಡಿ. ನಿಮ್ಮನ್ನು ನರ್ಸ್ ನೋಡಬೇಕೋ, ಡಾಕ್ಟರ್ ನೋಡಬೇಕೋ, ಇವತ್ತೇ ನೋಡಬೇಕೋ ಎಂದು ತೀರ್ಮಾನವಾಗುವುದು ಆ ಉತ್ತರದಿಂದ. ಹೇಳಲು ಮುಜುಗರವಿದ್ದರೆ ಖಾಸಗಿ ವಿಷಯ ಎಂದರೆ ಸಾಕು. ಗಂಟಲು ನೋವು, ಕೀಟ ಕಚ್ಚಿ ಕೀವಾದದ್ದು ಇಂಥವಕ್ಕೆ ಔಷಧಿ ಅಂಗಡಿಯ ಫಾರ್ಮಸಿಸ್ಟರೇ ನೋಡಿ, ಅಗತ್ಯವಿದ್ದರೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. 2024ರಿಂದ ಈ ಸೌಲಭ್ಯವಿದೆ.

ಒಳಗೆ ಹೋದರೆ ಸಿಗುವುದು ಸುಮಾರು ಹತ್ತು ನಿಮಿಷ. ನಮ್ಮವರು ಇದನ್ನು ಕಳೆಯುವ ರೀತಿ ಗೊತ್ತೇ ಇದೆ. ಮೊದಲು ‘ಸ್ವಲ್ಪ ಸುಸ್ತು’, ಆಮೇಲೆ ಮಂಡಿ ನೋವು, ನಡುವೆ ನಿದ್ದೆಯ ಸಂಗತಿ. ಎದ್ದು ಬಾಗಿಲ ಹಿಡಿಕೆಗೆ ಕೈ ಹಾಕಿದಾಗ, ‘ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ’. ಹೇಳಲೇಬೇಕಾದದ್ದು ಅದೊಂದೇ! ಹೆದರಿಸುತ್ತಿರುವ ವಿಷಯವನ್ನು ಮೊದಲ ವಾಕ್ಯದಲ್ಲೇ ಹೇಳಿ. ಯಾವಾಗಿನಿಂದ, ದಿನಕ್ಕೆ ಎಷ್ಟು ಸಲ, ಅದರಿಂದ ಯಾವ ಕೆಲಸ ನಿಂತಿದೆ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ತುಂಬಾ ನೋವು’ ಎಂಬುದಕ್ಕಿಂತ ‘ರಾತ್ರಿ ಎರಡು ಸಲ ಎಚ್ಚರವಾಗುತ್ತದೆ’ ಎಂಬುದು ಡಾಕ್ಟರಿಗೆ ಉಪಯೋಗದ ಮಾತು. ಎರಡು ತೊಂದರೆಗಳಿದ್ದರೆ ಸಮಯ ಕೇಳುವಾಗಲೇ ದುಪ್ಪಟ್ಟು ಅವಧಿ ಕೇಳಿ. ಡೋಲೋ ಎಂದರೆ ಅಲ್ಲಿ ಅರ್ಥವಾಗದು, ಪ್ಯಾರಸಿಟಮಾಲ್ ಎನ್ನಬೇಕು. ಊರು ಬಿಡುವ ಮುಂಚೆಯೇ ನಿಮ್ಮ ಮಾತ್ರೆಗಳ ಮೂಲ ಹೆಸರುಗಳನ್ನು ಡಾಕ್ಟರಿಂದ ಬರೆಸಿಕೊಳ್ಳಿ. ಇಂಗ್ಲಿಷ್ ತೊಡಕಾದರೆ ದುಭಾಷಿಯನ್ನು ಮುಂಚಿತವಾಗಿ ಕೇಳಿ, ಉಚಿತ. ಮಕ್ಕಳನ್ನು ಆ ಕೆಲಸಕ್ಕೆ ಕೂರಿಸಬೇಡಿ. ತಾಯಿಯ ಮುಟ್ಟಿನ ತೊಂದರೆಯನ್ನು ಹತ್ತು ವರ್ಷದ ಹುಡುಗ ಅನುವಾದಿಸುವುದು ಇಬ್ಬರಿಗೂ ಹಿಂಸೆ.

ಇಂಜೆಕ್ಷನ್ ಕೊಡಲಿಲ್ಲ, ನೀರು ಕುಡಿದು ಮಲಗಿ ಎಂದರು ಎಂಬುದು ಹೊಸಬರ ಮಾಮೂಲು ದೂರು. ವೈರಸ್ ಜ್ವರಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಅದು ಅವರ ಉದಾಸೀನವಲ್ಲ. ಆದರೆ ಏಳುವ ಮುಂಚೆ ಕೇಳಿ: ಎಷ್ಟು ದಿನದಲ್ಲಿ ಕಡಿಮೆಯಾಗಬೇಕು, ಏನು ಕಂಡರೆ ತಕ್ಷಣ ಬರಬೇಕು?

ಎದೆನೋವು, ಮುಖ ಸೊಟ್ಟಗಾಗುವುದು, ಉಸಿರು ಸಿಗದಿರುವುದು ಇಂಥವಕ್ಕೆ ಜಿ.ಪಿ.ಗೆ ಕಾಯದೆ 999ಕ್ಕೆ ಫೋನ್ ಮಾಡಿ. ಅಷ್ಟು ತುರ್ತಲ್ಲದ ಗೊಂದಲಕ್ಕೆ 111. ತುರ್ತು ವಿಭಾಗದಲ್ಲಿ ಟೋಕನ್ ಲೆಕ್ಕವಿಲ್ಲ. ಹೆಚ್ಚು ಅಪಾಯದಲ್ಲಿರುವವರು ನಿಮ್ಮ ನಂತರ ಬಂದರೂ ಮೊದಲು ಒಳಗೆ ಹೋಗುತ್ತಾರೆ. ನಾಲ್ಕು ಗಂಟೆಯೊಳಗೆ ನೋಡಿ ಮುಗಿಸಬೇಕೆಂಬ ಗುರಿ ಎಷ್ಟೋ ಸಲ ಗುರಿಯಾಗಿಯೇ ಉಳಿಯುತ್ತದೆ. ಚಾರ್ಜರ್, ಬಿಸ್ಕತ್ತು ಜೊತೆಗಿರಲಿ. ಕಾಯುವಾಗ ನೋವು ಹೆಚ್ಚಾದರೆ ಮಾತ್ರ ಸುಮ್ಮನೆ ಕೂರದೆ ನರ್ಸಿಗೆ ತಿಳಿಸಿ.

ತಜ್ಞರಿಗೆ ಬರೆದುಕೊಟ್ಟ ಮೇಲೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ನಿಯಮ, ಆದರೂ ದಾಟುವುದುಂಟು. ಪತ್ರ ಬರದಿದ್ದರೆ ಫೋನ್ ಮಾಡಿ ವಿಚಾರಿಸಿ, ಯಾರಾದರೂ ರದ್ದು ಮಾಡಿದ ಸಮಯ ಸಿಕ್ಕರೆ ಬರುತ್ತೇನೆಂದು ಹೇಳಿಡಿ. ತೊಂದರೆ ಉಲ್ಬಣಿಸಿದರೆ ಜಿ.ಪಿ.ಗೆ ಮತ್ತೆ ಹೇಳಿ, ಅವರು ತುರ್ತೆಂದು ಬರೆಯಬಹುದು. ತಂದೆ ತಾಯಿ ನೋಡಲು ಬರುವುದಾದರೆ ವಿಮೆ ಮಾಡಿಸದೆ ವಿಮಾನ ಹತ್ತಿಸಬೇಡಿ. ಪ್ರವಾಸಿಗಳು ಆಸ್ಪತ್ರೆಗೆ ದಾಖಲಾದರೆ ಬಿಲ್ಲು ಬರುತ್ತದೆ.